ಮೂರು ವರ್ಷ ಆಯ್ತು, ನನ್ನ ಡಿಸೈನ್ ಇನ್ನೂ ಅಲ್ಲೇ ನಿಂತಿದೆ. ಮುಂದೆ ಹೇಗೆ ಕಲಿಯಬೇಕು?

ಕೋರಲ್_ಹುಡುಗ (ಕಲಬುರಗಿ):

ಎಲ್ಲರಿಗೂ ಶರಣು.

ನಾನು ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಮೂರು ವರ್ಷದಿಂದ ಡಿಸೈನ್ ಕೆಲಸ ಮಾಡುತ್ತಿದ್ದೇನೆ. ಲಗ್ನಪತ್ರಿಕೆ, ಫ್ಲೆಕ್ಸ್, ಪಾಂಪ್ಲೆಟ್, ಬಿಲ್ ಬುಕ್, ವಿಸಿಟಿಂಗ್ ಕಾರ್ಡ್, ಜಾತ್ರೆ ಬಂದರೆ ಬ್ಯಾನರ್. ಬಿ.ಕಾಂ ಮುಗಿಸಿ ಮನೆಯಲ್ಲಿ ಕೂರಬಾರದು ಅಂತ ಸೇರಿದ್ದು, ಈಗ ಈ ಕೆಲಸ ಬಿಟ್ಟು ಬೇರೆ ಮಾಡಲು ಮನಸ್ಸಿಲ್ಲ. ಡಿಸೈನ್ ಸಾಫ್ಟ್‌ವೇರ್‌ಗಳಲ್ಲಿ ಕೋರಲ್ ಡ್ರಾ ಕೈಗೆ ಕೂತಿದೆ, ಫೋಟೋಶಾಪ್ ಸಾಕಷ್ಟು ಬರುತ್ತದೆ. ಸ್ಪೀಡ್ ಇದೆ. ಆದರೆ ಮೊದಲ ವರ್ಷ ಮಾಡಿದ ಕಾರ್ಡನ್ನೂ ಹೋದ ವಾರ ಮಾಡಿದ ಕಾರ್ಡನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಹಳೆಯದು ಅಂತ ನನಗೇ ಹೇಳಲು ಬರುವುದಿಲ್ಲ.

ಇದನ್ನು ಬರೆಯಲು ಕಾರಣ ಹೋದ ತಿಂಗಳು ನಡೆದ ಒಂದು ಸಂಗತಿ. ಒಂದು ಲಗ್ನಪತ್ರಿಕೆ ಮಾಡಿದ್ದೆ. ಮರೂನ್ ಬಣ್ಣದ ಮೇಲೆ ಚಿನ್ನದ ಬಣ್ಣದ ಅಕ್ಷರ, ಸುತ್ತ ಬಳ್ಳಿ, ಮೂಲೆಯಲ್ಲಿ ಕಲಶ. ಸ್ಕ್ರೀನ್ ಮೇಲೆ ತುಂಬಾ ಚೆಂದ ಕಾಣುತ್ತಿತ್ತು. ಹುಡುಗಿಯ ಅಣ್ಣ ಫೋನಿನಲ್ಲೇ ನೋಡಿ ಓಕೆ ಅಂದರು. 500 ಪ್ರತಿ ಪ್ರಿಂಟ್ ಆಯಿತು. ಬಂಡಲ್ ಒಯ್ಯಲು ಹುಡುಗಿಯ ಮುತ್ಯಾ ಕೂಡ ಬಂದಿದ್ದರು. ಒಂದು ಕಾರ್ಡ್ ತೆಗೆದುಕೊಂಡು ಕೈ ಉದ್ದ ಮಾಡಿ ಹಿಡಿದರು. ಆಮೇಲೆ ಬಾಗಿಲಿಗೆ ಹೋಗಿ ಬಿಸಿಲಿಗೆ ತಿರುಗಿಸಿದರು. ಆಮೇಲೆ ವಾಪಸ್ ಬಂದು ನನ್ನ ಮುಂದೆ ಇಟ್ಟು "ಮಂಟಪ ಎಲ್ಲಿ ಅಂತ ಬರ್ದೀಯೋ ತಮ್ಮಾ?" ಅಂತ ಕೇಳಿದರು. ನಾನು ಬೆರಳಿಟ್ಟು ತೋರಿಸಿದೆ. 8 ಪಾಯಿಂಟ್ ಅಳತೆಯ ಸಣ್ಣ ಅಕ್ಷರ, ಕೆಳಗಿನಿಂದ ಮೂರನೇ ಸಾಲು. ಅವರು ಬೈಯಲಿಲ್ಲ. "ಆಯ್ತು ಬಿಡು" ಅಂದರು. ಆದರೆ ಹುಡುಗಿಯ ಅಣ್ಣ ಅಲ್ಲೇ ಬೆಂಚಿನ ಮೇಲೆ ಕೂತು ಒಂದೊಂದೇ ಕವರ್ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ಮಂಟಪದ ಹೆಸರು ಬರೆಯಲು ಶುರು ಮಾಡಿದರು. ನಾನು ಕೆಲಸ ಮಾಡುತ್ತಾ ಅದನ್ನು ನೋಡುತ್ತಾ ಕೂತಿದ್ದೆ. ಆ ದಿನದಿಂದ ಸಮಾಧಾನ ಇಲ್ಲ.

ಮಾಲೀಕರು "ಎಲ್ಲಾ ಕಾರ್ಡೂ ಹಂಗೇ ಇರ್ತಾವ" ಅಂತಾರೆ. ನನಗೆ ಹಾಗೆ ಬಿಡಲು ಆಗುತ್ತಿಲ್ಲ.

ಈಗ ನನ್ನ ಪ್ರಶ್ನೆ. ಬೆಂಗಳೂರಿನಲ್ಲಿ ಆರು ತಿಂಗಳ ಕೋರ್ಸ್‌ಗಳಿವೆ, ಫೀಸು ನನ್ನ ವರ್ಷದ ಸಂಬಳಕ್ಕಿಂತ ಜಾಸ್ತಿ. ಸಾಲ ಮಾಡಿ ಹೋಗಬೇಕಾ? ಇಲ್ಲ ಹೊಸ ಲ್ಯಾಪ್‌ಟಾಪ್ ತಗೊಂಡು ಫಿಗ್ಮಾ, ಇಲ್ಲಸ್ಟ್ರೇಟರ್ ಥರದ ಬೇರೆ ಸಾಫ್ಟ್‌ವೇರ್ ಕಲಿಯಬೇಕಾ? ಇಲ್ಲೇ ಇದ್ದುಕೊಂಡು ನನ್ನ ತಪ್ಪನ್ನು ನಾನೇ ಕಂಡುಹಿಡಿಯುವುದು ಹೇಗೆ? ಯಾರಾದರೂ ಅನುಭವದಿಂದ ಹೇಳಿ.

ಶಾಯಿ_ಕೈ (ಕಲಬುರಗಿ):

ತಮ್ಮಾ, ನಿನ್ನ ಪ್ರಶ್ನೆ ಓದಿ ಖುಷಿ ಆಯಿತು. ಆ ಮುತ್ಯಾ ನಿನಗೆ ಕೊಟ್ಟಷ್ಟು ಪಾಠ ಯಾವ ಕೋರ್ಸಿನಲ್ಲೂ ಒಂದೇ ದಿನಕ್ಕೆ ಸಿಗುವುದಿಲ್ಲ.

ನಾನು ಪ್ರೆಸ್ಸಿಗೆ ಸೇರಿದಾಗ ನಮ್ಮಲ್ಲಿ ಕಂಪ್ಯೂಟರ್ ಇರಲಿಲ್ಲ. ಕೈಯಲ್ಲಿ ಮೊಳೆ ಜೋಡಿಸುತ್ತಿದ್ದೆವು. ಸೀಸದ ಅಕ್ಷರ, ಮರದ ಕೇಸು, ಒತ್ತಕ್ಷರಕ್ಕೆ ಬೇರೆ ಮೊಳೆ. ಇದನ್ನು ಹಳೇ ನೆನಪು ಅಂತ ಹೇಳುತ್ತಿಲ್ಲ, ಕೆಲಸಕ್ಕೆ ಬರುತ್ತದೆ ಅಂತ ಹೇಳುತ್ತಿದ್ದೇನೆ. ನಮ್ಮ ಹತ್ತಿರ ಇದ್ದದ್ದು ಮೂರು ಸೈಜು. ಒಂದು ದಪ್ಪ, ಒಂದು ನಡುವಿನದು, ಒಂದು ಸಣ್ಣದು. ಲಗ್ನಪತ್ರಿಕೆ ಬಂದರೆ ಮೊದಲು ಕೂತು ಯೋಚನೆ ಮಾಡಲೇಬೇಕಿತ್ತು: ದಪ್ಪ ಮೊಳೆ ಯಾವುದಕ್ಕೆ? ಹುಡುಗ ಹುಡುಗಿಯ ಹೆಸರಿಗೆ. ನಡುವಿನದು ದಿನ, ಹೊತ್ತು, ಸ್ಥಳಕ್ಕೆ. ಉಳಿದದ್ದೆಲ್ಲ ಸಣ್ಣದು. ಹೆಸರು ಸಾಲಿನಲ್ಲಿ ಹಿಡಿಯದಿದ್ದರೆ ಎರಡು ಸಾಲು ಮಾಡುತ್ತಿದ್ದೆವು, ಸೀಸದ ಅಕ್ಷರವನ್ನು ಅಗಲಕ್ಕೆ ಎಳೆಯಲು ಬರುತ್ತದಾ? ಕೋರಲ್‌ನಲ್ಲಿ ಬರುತ್ತದೆ. ಹಾಗಾಗಿ ಎಲ್ಲರೂ ಎಳೆಯುತ್ತಾರೆ. ಅಡ್ಡಕ್ಕೆ ಎಳೆದಾಗ ಕನ್ನಡದ ತಲಕಟ್ಟು ಉದ್ದ ಆಗುತ್ತದೆ, ಗುಂಡಗಿನ ಹೊಟ್ಟೆ ಚಪ್ಪಟೆ ಆಗುತ್ತದೆ, ನಿಂತ ಗೆರೆ ದಪ್ಪ ಆಗಿ ಮಲಗಿದ ಗೆರೆ ತೆಳ್ಳಗೆ ಉಳಿಯುತ್ತದೆ. "ಏನೋ ಸರಿ ಇಲ್ಲ" ಅನ್ನಿಸುತ್ತದಲ್ಲ, ಅರ್ಧ ಕಾರಣ ಅದೇ. ನಾಳೆಯಿಂದ ಅಕ್ಷರದ ಪಕ್ಕದ ಹಿಡಿಕೆ ಮುಟ್ಟಬೇಡ, ಮೂಲೆಯದ್ದು ಮಾತ್ರ ಹಿಡಿದು ದೊಡ್ಡದು ಸಣ್ಣದು ಮಾಡು. ಒಂದು ಕಾರ್ಡಿಗೆ ಮೂರೇ ಸೈಜು, ಎರಡೇ ಫಾಂಟು. ಒಂದು ತಿಂಗಳು ಮಾಡಿ ನೋಡು.

ಆಮೇಲೆ ಸಾಲಿನ ನಡುವಿನ ಜಾಗ. ನಾವು ಸಾಲುಗಳ ನಡುವೆ ಸೀಸದ ಪಟ್ಟಿ ಹಾಕುತ್ತಿದ್ದೆವು. ಇಂಗ್ಲಿಷಿಗೆ ಸಾಕಾಗುವ ಜಾಗ ಕನ್ನಡಕ್ಕೆ ಸಾಲುವುದಿಲ್ಲ. ಮೇಲಿನ ಸಾಲಿನ ಒತ್ತು ಕೆಳಗಿಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲೆ ಏರುತ್ತದೆ, ಎರಡೂ ಡಿಕ್ಕಿ ಹೊಡೆಯುತ್ತವೆ. ಪರೀಕ್ಷೆ ಮಾಡಬೇಕಾದರೆ ಮೇಲಿನ ಸಾಲಿನಲ್ಲಿ "ರಾಷ್ಟ್ರ, ಸ್ತ್ರೀ, ವಾತ್ಸಲ್ಯ" ಅಂತ, ಕೆಳಗಿನ ಸಾಲಿನಲ್ಲಿ "ಹಿರಿಯ, ಗಿರಿಜೆ, ನಿಧಿ" ಅಂತ ಟೈಪ್ ಮಾಡಿ ನೋಡು. ಅಲ್ಲಿ ತಾಕದಿದ್ದರೆ ಎಲ್ಲೂ ತಾಕುವುದಿಲ್ಲ. ನಾನು ಸಾಧಾರಣವಾಗಿ ಅಕ್ಷರದ ಅಳತೆಯ ಒಂದೂವರೆ ಪಟ್ಟು ಇಡುತ್ತೇನೆ, ಫಾಂಟ್ ನೋಡಿ ಸ್ವಲ್ಪ ಹೆಚ್ಚು ಕಡಿಮೆ.

ಇನ್ನು ನಿನ್ನ ಮರೂನ್ ಮೇಲಿನ ಚಿನ್ನ. ಸ್ಕ್ರೀನ್ ಬೆಳಕು ಬಿಡುತ್ತದೆ, ಕಾಗದ ಬಿಡುವುದಿಲ್ಲ. ನಾಲ್ಕು ಬಣ್ಣದ ಪ್ರಿಂಟಿಂಗಿನಲ್ಲಿ ಚಿನ್ನ ಅನ್ನುವುದು ಕಂದು ಹಳದಿ, ಅಷ್ಟೇ. ನಿಜವಾದ ಚಿನ್ನ ಬೇಕಾದರೆ ಫಾಯಿಲ್ ಹಾಕಬೇಕು, ಇಲ್ಲಾ ಬೇರೆ ಇಂಕು ಓಡಿಸಬೇಕು. ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚಿನ ಪ್ಲೇಟು ಇರುತ್ತದೆ; ಅದರ ಮೇಲೆ ನಾಲ್ಕು ಪ್ಲೇಟೂ ಸೇರಿ ಆದ ಗಾಢ ಬಣ್ಣದಲ್ಲಿ 8 ಪಾಯಿಂಟಿನ ತೆಳ್ಳಗಿನ ಅಕ್ಷರ ಬಿಟ್ಟರೆ, ಒಂದು ಪ್ಲೇಟು ಕೂದಲಷ್ಟು ಸರಿದರೂ ಅಕ್ಷರದ ಹೊಟ್ಟೆ ತುಂಬಿಹೋಗುತ್ತದೆ. ಮುತ್ಯಾನ ಕಣ್ಣಿನ ತಪ್ಪಲ್ಲ ಅದು. ಸಣ್ಣ ಅಕ್ಷರ ಯಾವಾಗಲೂ ಬರೀ ಕಪ್ಪು ಪ್ಲೇಟಿನಲ್ಲಿ, ತಿಳಿ ಹಿನ್ನೆಲೆಯ ಮೇಲೆ. ಅಂಚಿಗೆ 3 ಮಿಲಿಮೀಟರ್ ಬಣ್ಣ ಹೆಚ್ಚಿಗೆ ಬಿಡುವುದು ನಿನಗೆ ಗೊತ್ತಿರಬೇಕು, ಆದರೂ ಹೇಳಿರುತ್ತೇನೆ.

ಕೊನೆಗೆ ಮುಖ್ಯವಾದದ್ದು. ಪ್ರಿಂಟಿಗೆ ಹೋಗುವ ಮುಂಚೆ ಆಫೀಸ್ ಪ್ರಿಂಟರಿನಲ್ಲೇ ಒಂದು ಪ್ರತಿ ನಿಜವಾದ ಅಳತೆಯಲ್ಲಿ ತೆಗೆ. ಅಂಗಡಿಗೆ ಬಂದ ಯಾರಿಗಾದರೂ ಕೊಡು, ವಯಸ್ಸಾದವರಾದರೆ ಇನ್ನೂ ಒಳ್ಳೆಯದು. "ಚೆಂದ ಆಗ್ಯಾದಾ?" ಅಂತ ಕೇಳಬೇಡ. ಹಾಗೆ ಕೇಳಿದರೆ ನಮ್ಮ ಊರಿನಲ್ಲಿ ಎಲ್ಲರೂ ಚೆಂದ ಅಂತಲೇ ಅಂತಾರೆ, ಯಾರೂ ಮನಸ್ಸು ನೋಯಿಸುವುದಿಲ್ಲ. "ಮದುವೆ ಎಲ್ಲಿ, ಎಷ್ಟೊತ್ತಿಗೆ ಹೋಗಬೇಕು?" ಅಂತ ಕೇಳು. ಕೇಳಿ ಸುಮ್ಮನಿರು. ಬೆರಳು ಎಲ್ಲಿ ಹುಡುಕುತ್ತದೆ ನೋಡು. ಬೆರಳು ಮೊದಲು ಹೋದ ಜಾಗದಲ್ಲಿ ಆ ಮಾತು ಇರಬೇಕಿತ್ತು.

ಫ್ಲೆಕ್ಸ್_ಕೆಲಸ (ಶಹಾಬಾದ್):

ಅಣ್ಣಾರ, ಇದೆಲ್ಲ ಒಪ್ಪುತ್ತೇನೆ. ಆದರೆ ನಮ್ಮ ಅಂಗಡಿಯಲ್ಲಿ ದಿನಕ್ಕೆ ಹತ್ತು ಹದಿನೈದು ಕೆಲಸ. ಗಿರಾಕಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು "ಆ ಫೋಟೋ ದೊಡ್ಡದು ಮಾಡು, ಈ ಫೋಟೋನೂ ದೊಡ್ಡದು ಮಾಡು, ಅಲ್ಲಿ ಖಾಲಿ ಯಾಕೆ ಬಿಟ್ಟೆ, ಏನಾದರೂ ಹಾಕು" ಅಂತಾರೆ. ಒಂದೇ ಫ್ಲೆಕ್ಸಿನಲ್ಲಿ 18 ಮುಖ. ಖಾಲಿ ಜಾಗ ಬಿಟ್ಟರೆ ದುಡ್ಡು ಕೊಟ್ಟದ್ದು ವೇಸ್ಟ್ ಆಯ್ತು ಅನ್ನೋ ಭಾವನೆ ಅವರಿಗೆ. ಚದರ ಅಡಿ ಲೆಕ್ಕದಲ್ಲಿ ದುಡ್ಡು ತಗೋತೀವಿ, ಹಾಗಾಗಿ ಅವರ ಮಾತೂ ತಪ್ಪಲ್ಲ. ಇಂಥ ಕಡೆ ಕೂತು ಒಳ್ಳೆಯ ಡಿಸೈನ್ ಕಲಿಯಲು ಆಗುತ್ತದಾ? ನನಗೆ ನಿಜವಾಗಿಯೂ ಗೊತ್ತಾಗಬೇಕು.

ಶಾಯಿ_ಕೈ (ಕಲಬುರಗಿ):

ಆಗುತ್ತದೆ. ಗಿರಾಕಿ ಹತ್ತಿರ ಬಣ್ಣದ ಬಗ್ಗೆ ವಾದ ಮಾಡಬೇಡಿ, ಗೆಲ್ಲುವುದಿಲ್ಲ. ಕೆಲಸ ಶುರು ಮಾಡುವ ಮುಂಚೆ ಎರಡೇ ಪ್ರಶ್ನೆ ಕೇಳಿ. ಇದನ್ನು ಎಲ್ಲಿ ಕಟ್ಟುತ್ತೀರಿ? ಗಾಡಿಯಲ್ಲಿ ಹೋಗುವವರು ಒಂದೇ ಮಾತು ಓದುವುದಾದರೆ ಯಾವ ಮಾತು ಓದಬೇಕು? ಆ ಒಂದು ಮಾತು ಅವರ ಬಾಯಿಂದಲೇ ಬರುತ್ತದೆ. ಅದನ್ನು ದೊಡ್ಡದು ಮಾಡಿ. ಬೋರ್ಡ್ ಬರೆಯುವವರ ಒಂದು ಲೆಕ್ಕ ಇದೆ: 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ. 100 ಅಡಿಯಿಂದ ಓದಬೇಕಾದರೆ 10 ಇಂಚು. ಇದು ಇಂಗ್ಲಿಷ್ ಅಕ್ಷರದ ಲೆಕ್ಕ, ನಮ್ಮ ಅಕ್ಷರದ ಒಳಗೆ ತಿರುವು ಜಾಸ್ತಿ, ಒತ್ತು ಬೇರೆ, ಹಾಗಾಗಿ ಇನ್ನೂ ಸ್ವಲ್ಪ ದೊಡ್ಡದು ಇಡಿ. ಈ ಲೆಕ್ಕ ಹೇಳಿದರೆ ಗಿರಾಕಿ ಕೇಳುತ್ತಾರೆ, ಏಕೆಂದರೆ ಅದು ಅಳತೆ. "ನನಗೆ ಹೀಗೆ ಚೆಂದ ಅನ್ನಿಸುತ್ತದೆ" ಅಂದರೆ ಕೇಳುವುದಿಲ್ಲ.

18 ಮುಖ ಇದ್ದರೂ ಪರವಾಗಿಲ್ಲ. 17 ಒಂದೇ ಅಳತೆಯಲ್ಲಿ, ಒಂದೇ ಸಾಲಿನಲ್ಲಿ, ಕಣ್ಣಿನ ಮಟ್ಟ ಒಂದೇ ಇರುವ ಹಾಗೆ ಕೂರಿಸಿ. ಒಂದು ಮಾತ್ರ ದೊಡ್ಡದು. ಯಾರಿಗೂ ಬೇಸರ ಆಗುವುದಿಲ್ಲ, ಏಕೆಂದರೆ ಎಲ್ಲರೂ ಸಮ.

ಬೆಳ್ಳಿ_ತಂತಿ (ಬೀದರ್):

ನಾನು ಬೀದರ್‌ನವಳು. ನಮ್ಮ ಮನೆಯಲ್ಲಿ ಬಿದರಿ ಕೆಲಸ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಕೆಲಸ. ನಾನು ಈಗ ಬಿದರಿ ಸಾಮಾನುಗಳ ಹೊಸ ನಮೂನೆ ಮತ್ತು ಅವುಗಳ ಡಬ್ಬಿಯ ಡಿಸೈನ್ ಮಾಡುತ್ತೇನೆ. ನಿಮ್ಮ ಮೂರನೇ ಪ್ರಶ್ನೆಗೆ, ಅಂದರೆ ತಪ್ಪನ್ನು ತಾನೇ ಕಾಣುವುದು ಹೇಗೆ ಅನ್ನುವುದಕ್ಕೆ ಮಾತ್ರ ಉತ್ತರ ಕೊಡುತ್ತೇನೆ, ಉಳಿದದ್ದು ನನಗಿಂತ ಬೇರೆಯವರಿಗೆ ಚೆನ್ನಾಗಿ ಗೊತ್ತು.

ಬಿದರಿಯ ಲೋಹ ಸತುವು ಮತ್ತು ತಾಮ್ರ, ಸುಮಾರು 16 ಪಾಲಿಗೆ 1 ಪಾಲು. ಎರಕ ಹೊಯ್ದಾಗ ಅದು ಬೂದು ಬಣ್ಣ. ಉಜ್ಜಿ ನುಣುಪು ಮಾಡಿದ ಮೇಲೆ ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಗೀಚಿದ ಗೆರೆ ಕಾಣಲಿ ಅಂತ. ಅದರ ಮೇಲೆ ಮೊನೆಯಿಂದ ಕೈಯಲ್ಲೇ ಹೂ ಬಳ್ಳಿ ಬರೆದು, ಉಳಿಯಿಂದ ಕೆತ್ತಿ, ಬೆಳ್ಳಿ ತಂತಿ ಕೂರಿಸಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ಆಮೇಲೆ ಮತ್ತೆ ಉಜ್ಜುತ್ತಾರೆ. ಆಗ ಆ ಕಪ್ಪು ಹೋಗಿಬಿಡುತ್ತದೆ! ಬೂದು ಲೋಹ, ಅದರಲ್ಲಿ ಬಿಳಿ ಬೆಳ್ಳಿ, ಎರಡೂ ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತವೆ. ನೋಡಿದವರಿಗೆ ಇಷ್ಟೊಂದು ಕೆಲಸ ಹಾಳಾಯಿತಲ್ಲ ಅನ್ನಿಸಬೇಕು. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿ, ಬಿಸಿ ಮಾಡಿದ ಸಾಮಾನಿಗೆ ಹಚ್ಚಿದಾಗ ಲೋಹ ಮಾತ್ರ ಕಡುಗಪ್ಪು ಆಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ.

ಅಂದರೆ ಕೆತ್ತುವಾಗಲೇ ಕೊನೆಗೆ ಎಷ್ಟು ಕಪ್ಪು ಉಳಿಯುತ್ತದೆ ಅನ್ನುವುದು ತಲೆಯಲ್ಲಿ ಇರಬೇಕು. ನಮ್ಮ ಅಬ್ಬಾಜಾನ್ ನನ್ನ ಕಾಗದದ ನಮೂನೆ ನೋಡುವಾಗ ಹೂವನ್ನು ನೋಡುತ್ತಲೇ ಇರಲಿಲ್ಲ. ಹೂವು ಹೂವಿನ ನಡುವೆ ಬೆರಳಿಟ್ಟು "ಇಲ್ಲಿ ಕಪ್ಪು ಎಲ್ಲಿದೆ?" ಅಂತ ಕೇಳುತ್ತಿದ್ದರು. ನಾನು ಬಳ್ಳಿಯ ಮೇಲೆ ಬಳ್ಳಿ ತುಂಬಿಸಿರುತ್ತಿದ್ದೆ. ಬೆಳ್ಳಿ ಜಾಸ್ತಿ ಆದರೆ ಸಾಮಾನು ಬೆಳ್ಳಗೆ ಕಾಣುತ್ತದೆ, ಹೂವು ಕಾಣುವುದಿಲ್ಲ.

ನೀವೂ ಹೀಗೆ ಮಾಡಿ. ಕಾರ್ಡನ್ನು ಮೊದಲು ಬರೀ ಕಪ್ಪು ಬಿಳುಪಿನಲ್ಲಿ ಮಾಡಿ, ಬಣ್ಣ ಮುಟ್ಟಬೇಡಿ. ಎದ್ದು ನಾಲ್ಕು ಹೆಜ್ಜೆ ಹಿಂದೆ ಹೋಗಿ ಕಣ್ಣು ಅರ್ಧ ಮುಚ್ಚಿ ನೋಡಿ. ಅಕ್ಷರ ಓದಲು ಬರಬಾರದು, ಬರೀ ಗುಡ್ಡೆಗಳು ಕಾಣಬೇಕು. ಎಷ್ಟು ಗುಡ್ಡೆ ಇದೆ? ಯಾವುದು ಮೊದಲು ಕಾಣುತ್ತದೆ? ಇಡೀ ಕಾರ್ಡು ಒಂದೇ ಬೂದು ಹಾಳೆಯಂತೆ ಕಂಡರೆ ಅದಕ್ಕೆ ಎಷ್ಟು ಬಣ್ಣ ಹಚ್ಚಿದರೂ ಉಪಯೋಗ ಇಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಬಿದರಿಯಲ್ಲಿ ಮೊದಲು ದೊಡ್ಡ ಸಾಮಾನು ಜಾಸ್ತಿ, ಹುಕ್ಕಾದ ತಳ, ಪಾನದಾನ, ಸುರಾಹಿ ಅನ್ನುವ ಹೂಜಿ. ಈಗ ಕೀಚೈನ್, ಪೆನ್‌ಡ್ರೈವ್ ಕವಚ, ಕಿವಿಯೋಲೆ. ನಾನು ಶುರುವಿನಲ್ಲಿ ಸುರಾಹಿಯ ಬಳ್ಳಿಯನ್ನೇ ಫೋಟೋ ತೆಗೆದು ಚಿಕ್ಕದು ಮಾಡಿ ಕಿವಿಯೋಲೆಗೆ ಕೂರಿಸಿದ್ದೆ. ತಂತಿ ಕೂರಿಸುವವರು ವಾಪಸ್ ಕೊಟ್ಟರು. ಅಷ್ಟು ಸಣ್ಣ ಜಾಗದಲ್ಲಿ ಉಳಿ ಆಡುವುದಿಲ್ಲ. ಚಿಕ್ಕದು ಮಾಡುವುದಲ್ಲ, ಹೊಸದಾಗಿ ಬರೆಯಬೇಕು: ಹತ್ತು ಹೂವಿನ ಬದಲು ಒಂದು, ಆ ಒಂದರ ಎಸಳೂ ಎಂಟರ ಬದಲು ಐದು. ನಿಮ್ಮ ಕಡೆ ಫ್ಲೆಕ್ಸಿನ ಡಿಸೈನನ್ನೇ ಎಳೆದು ವಿಸಿಟಿಂಗ್ ಕಾರ್ಡ್ ಮಾಡುತ್ತಾರಲ್ಲ, ಅದೂ ಇದೇ ತಪ್ಪು.

ಸಾಧ್ಯವಾದರೆ ಒಂದು ಭಾನುವಾರ ಬೀದರಿಗೆ ಬನ್ನಿ. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿನ ಒಳಗೆ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಆಮೇಲೆ 1472ರ ಮಹಮೂದ್ ಗವಾನ್ ಮದರಸಾ. ಸ್ಫೋಟದಲ್ಲಿ ಅರ್ಧ ಮುಂಭಾಗ ಹೋಗಿದೆ, ಉಳಿದ ಗೋಡೆಯ ಮೇಲೆ ಬಣ್ಣದ ಹೆಂಚು ಇನ್ನೂ ಇದೆ. ಎತ್ತರದಲ್ಲಿರುವ ಅಕ್ಷರದ ಪಟ್ಟಿಯನ್ನು ಅಂಗಳದಲ್ಲಿ ನಿಂತು ನೋಡಿ. ಓದಲು ಬರದಿದ್ದರೂ ಪರವಾಗಿಲ್ಲ, ಕೆಳಗೆ ನಿಂತವರ ಕಣ್ಣಿಗೆ ಅಂತ ಬರೆದದ್ದು ಅನ್ನುವುದು ಗೊತ್ತಾಗುತ್ತದೆ. ಫೋಟೋ ತೆಗೆಯಿರಿ, ಆದರೆ ಒಂದು ತುಣುಕಾದರೂ ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಬರೆಯುವಾಗ ಕಣ್ಣು ನಿಲ್ಲುತ್ತದೆ.

ಸುರಪುರ_ದೋಸ್ತ (ಬೆಂಗಳೂರು, ಊರು ಯಾದಗಿರಿ ಜಿಲ್ಲೆ):

ಕೋರ್ಸ್ ಪ್ರಶ್ನೆಗೆ ನಾನು ಹೇಳುತ್ತೇನೆ ದೋಸ್ತ, ನಾನು ಆ ದಾರಿಯಲ್ಲೇ ಬಂದವನು. ಸುರಪುರದವನು, ಈಗ ಬೆಂಗಳೂರಿನಲ್ಲಿ ಮೊಬೈಲ್ ಆ್ಯಪ್‌ಗಳ ಡಿಸೈನ್ ಮಾಡುತ್ತೇನೆ.

ಸಾಲ ಮಾಡಿ ಹೋಗಬೇಡ, ಈಗಂತೂ ಬೇಡ. ಕೋರ್ಸ್ ಕೆಟ್ಟದ್ದು ಅಂತ ಅಲ್ಲ. ನಾನು ಮಾಡಿದ ಕೋರ್ಸಿನಲ್ಲಿ ಸಾಫ್ಟ್‌ವೇರ್ ಕಲಿಸಿದರು, ಅದು ಯೂಟ್ಯೂಬಿನಲ್ಲೂ ಇತ್ತು. ಕೆಲಸಕ್ಕೆ ಬಂದದ್ದು ಒಬ್ಬ ಮೇಷ್ಟ್ರು ವಾರಕ್ಕೊಮ್ಮೆ ನನ್ನ ಸ್ಕ್ರೀನ್ ಮುಂದೆ ಕೂತು "ಇದು ಯಾಕೆ ಇಲ್ಲಿದೆ?" ಅಂತ ಕೇಳುತ್ತಿದ್ದದ್ದು. ಹಾಗಾಗಿ ಯಾವ ಕೋರ್ಸಿಗೆ ಸೇರಿದರೂ ಮೊದಲು ಇದನ್ನು ವಿಚಾರಿಸು: ನನ್ನ ಕೆಲಸವನ್ನು ಯಾರು ನೋಡುತ್ತಾರೆ, ವಾರಕ್ಕೆ ಎಷ್ಟು ಸಲ, ಒಂದು ಬ್ಯಾಚಿನಲ್ಲಿ ಎಷ್ಟು ಜನ? ಹಿಂದಿನ ಬ್ಯಾಚಿನವರ ಕೊನೆಯ ಕೆಲಸ ತೋರಿಸಿ ಅಂತ ಕೇಳು. ತೋರಿಸಲು ಹಿಂದೆ ಮುಂದೆ ನೋಡಿದರೆ ಬಿಟ್ಟುಬಿಡು.

ನಿಜವಾಗಿಯೂ ಓದಬೇಕು ಅಂದರೆ ಸರ್ಕಾರಿ ದಾರಿ ಇದೆ. ನಿನ್ನದು ಬಿ.ಕಾಂ ಅಲ್ವಾ? ಪಿಯುಸಿ ಆದ ಮೇಲೆ ಮೂರು ವರ್ಷದ ಡಿಗ್ರಿ ಇದ್ದರೆ ಸೀಡ್ ಅನ್ನುವ ಡಿಸೈನ್ ಪ್ರವೇಶ ಪರೀಕ್ಷೆ ಬರೆಯಬಹುದು. ಐಐಟಿ ಬಾಂಬೆ ನಡೆಸುತ್ತದೆ, ವಯಸ್ಸಿನ ಮಿತಿ ಇಲ್ಲ, ಬೇರೆ ಬೇರೆ ಐಐಟಿಗಳ ಡಿಸೈನ್ ಸ್ನಾತಕೋತ್ತರ ಓದಾದ ಎಂ.ಡೆಸ್‌ಗೆ ಅದೇ ಬಾಗಿಲು. ಪಿಯುಸಿ ಮುಗಿಸಿದ ತಮ್ಮ ತಂಗಿ ಇದ್ದರೆ ಅವರಿಗೆ ಡಿಗ್ರಿ ಮಟ್ಟದ ಯೂಸೀಡ್ ಪರೀಕ್ಷೆ. ಕಾಮರ್ಸ್ ಓದಿದವರೂ ಬರೆಯಬಹುದು ಅನ್ನುವುದು ನಮ್ಮ ಭಾಗದಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಅಲ್ಲಿಯವರೆಗೆ ಐಐಟಿಗಳ ಆನ್‌ಲೈನ್ ಪಾಠದ ತಾಣ ಎನ್‌ಪಿಟಿಇಎಲ್‌ನಲ್ಲಿ ಡಿಸೈನ್ ಪಾಠಗಳು ಪುಕ್ಕಟೆ ಇವೆ, ಡಿ ಸೋರ್ಸ್ ಅನ್ನುವ ತಾಣದಲ್ಲೂ ಇವೆ. ಇಂಗ್ಲಿಷಿನಲ್ಲಿವೆ, ನಿಧಾನಕ್ಕೆ ನೋಡು, ಚಿತ್ರ ಜಾಸ್ತಿ ಇರುವುದರಿಂದ ಅರ್ಥ ಆಗುತ್ತದೆ.

ಲ್ಯಾಪ್‌ಟಾಪಿಗೂ ಈಗಲೇ ದುಡ್ಡು ಹಾಕಬೇಡ. ಫಿಗ್ಮಾ ಬ್ರೌಸರಿನಲ್ಲೇ ಓಡುತ್ತದೆ, ಶುರುವಿಗೆ ಪುಕ್ಕಟೆ ಖಾತೆ ಸಾಕು. ಇಲ್ಲಸ್ಟ್ರೇಟರ್ ಬದಲು ಇಂಕ್‌ಸ್ಕೇಪ್ ಪುಕ್ಕಟೆ.

ಆದರೆ ಒಂದು ವಿಷಯ ಈಗಲೇ ಶುರು ಮಾಡು: ಯೂನಿಕೋಡ್ ಕನ್ನಡ, ಅಂದರೆ ಫೋನು, ಕಂಪ್ಯೂಟರ್ ಎಲ್ಲದಕ್ಕೂ ಒಂದೇ ಆದ ಅಕ್ಷರ ಸಂಕೇತ. ನೀವೆಲ್ಲ ಅಂಗಡಿಯಲ್ಲಿ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಕೆಲಸ ಮಾಡುತ್ತೀರಿ, ಏಕೆಂದರೆ ಹಳೇ ಕೋರಲ್‌ನಲ್ಲಿ ಯೂನಿಕೋಡ್ ಒತ್ತಕ್ಷರ ಸರಿಯಾಗಿ ಕೂರುವುದಿಲ್ಲ. ಗಿರಾಕಿ ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಪರಿವರ್ತಕಕ್ಕೆ ಹಾಕಿ ತೆಗೆಯುತ್ತೀರಿ, ಆಗ ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ. ಹೊಸ ಸಾಫ್ಟ್‌ವೇರ್‌ಗಳಲ್ಲಿ ಈ ತೊಂದರೆ ಕಡಿಮೆ. ಫೋಟೋಶಾಪಿನಲ್ಲಿ ಒತ್ತು ಒಡೆದುಹೋದರೆ ಟೈಪ್ ಸೆಟ್ಟಿಂಗಿನಲ್ಲಿ ವರ್ಲ್ಡ್ ರೆಡಿ ಅಂತ ಇರುತ್ತದೆ, ಅದನ್ನು ಆರಿಸು. ಗೂಗಲ್ ಫಾಂಟ್ಸಿನಲ್ಲಿ ನೋಟೋ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ ಎಲ್ಲ ಪುಕ್ಕಟೆ. ಅನೇಕ್‌ನಲ್ಲಿ ಕಿರಿದಾದ ರೂಪದಿಂದ ಅಗಲವಾದ ರೂಪದವರೆಗೆ ಇದೆ, ಅಂದರೆ ಮೇಲೆ ಕಾಕಾ ಹೇಳಿದ ಹಾಗೆ ಅಕ್ಷರ ಎಳೆಯುವ ಅಗತ್ಯವೇ ಬರುವುದಿಲ್ಲ, ಅಗಲವಾದ ಅಕ್ಷರವನ್ನೇ ಬರೆದು ಕೊಟ್ಟಿದ್ದಾರೆ.

ನಿನಗೆ ಆ ಮುತ್ಯಾ ಪಾಠ ಕಲಿಸಿದ ಹಾಗೆ ನನಗೆ ಕಲಿಸಿದ್ದು ನಮ್ಮ ಅವ್ವ. ನಾನು ಮೊದಲು ಕೆಲಸ ಮಾಡಿದ ಆ್ಯಪಿನ ಕನ್ನಡ ರೂಪವನ್ನು ಊರಿಗೆ ಹೋದಾಗ ಅವ್ವನ ಕೈಗೆ ಕೊಟ್ಟೆ. ಅವ್ವ ಒಂದು ಗುಂಡಿ ನೋಡಿ "ರದು ಅಂದ್ರ ಏನಪಾ?" ಅಂತ ಕೇಳಿದಳು. ನಾನು ಫೋನ್ ತಗೊಂಡು ನೋಡಿದೆ. "ರದ್ದು" ಅಂತ ಬರೆದಿದ್ದೆ, ಗುಂಡಿಯ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಅಳೆದು ಮಾಡಿದ್ದು, ಕೆಳಗಿನ ದಕಾರದ ಒತ್ತು ಪೂರ್ತಿ ಕತ್ತರಿಸಿ ಹೋಗಿತ್ತು. ಪಕ್ಕದ ಗುಂಡಿಯಲ್ಲಿ "ಮುಂದುವ" ಅಂತ ಬಂದು ಮೂರು ಚುಕ್ಕಿ. ಆಫೀಸಿನಲ್ಲಿ ಎಂಟು ಜನ ಅದನ್ನು ನೋಡಿ ಸರಿ ಇದೆ ಅಂದಿದ್ದೆವು. ನಮಗೆಲ್ಲ ಅಲ್ಲಿ ಏನು ಬರೆದಿದೆ ಅಂತ ಮೊದಲೇ ಗೊತ್ತಿತ್ತು, ಹಾಗಾಗಿ ಯಾರೂ ಓದಿರಲಿಲ್ಲ.

ಜೇಕಬ್ ನೀಲ್ಸನ್ ಅನ್ನುವ ಬಳಕೆ ತಜ್ಞರು 2000ದಲ್ಲೇ ಬರೆದಿದ್ದಾರೆ, ಐದು ಜನರ ಕೈಗೆ ಕೊಟ್ಟು ನೋಡಿದರೆ ಬಳಕೆಯ ತೊಂದರೆಗಳಲ್ಲಿ ಸುಮಾರು ಶೇಕಡಾ 85ರಷ್ಟು ಭಾಗ ಹೊರಗೆ ಬರುತ್ತದೆ ಅಂತ. ಲೆಕ್ಕ ಎಲ್ಲ ಕಡೆ ಅಷ್ಟೇ ಬರಬೇಕು ಅಂತಿಲ್ಲ, ಆದರೆ ಐದು ಜನ ಅಂದರೆ ನಿನ್ನ ಅಂಗಡಿಯ ಮುಂದಿನ ಚಹಾ ಅಂಗಡಿಯಲ್ಲೇ ಸಿಗುತ್ತಾರೆ. ದುಡ್ಡು ಬೇಕಿಲ್ಲ.

ಚಿತ್ರ_ಮಾಸ್ತರ (ಕಲಬುರಗಿ):

ಒಂದೇ ಮಾತು ಸೇರಿಸುತ್ತೇನೆ. ಕೈಯಲ್ಲಿ ಚಿತ್ರ ಬರೆಯುವುದನ್ನು ಬಿಡಬೇಡಿ. ನಮ್ಮ ಕಲಬುರಗಿಯಲ್ಲೇ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮುಂಬೈಗೆ ಹೋಗಿ ಸಿನಿಮಾ ಪೋಸ್ಟರು, ಕ್ಯಾಲೆಂಡರು ಬರೆದು ದೇಶದ ಮನೆಮನೆಯ ಗೋಡೆಗೆ ಮುಟ್ಟಿದವರು. ಅದೂ ಗಿರಾಕಿಯ ಕೆಲಸವೇ, ಮಾರಾಟದ ಕೆಲಸವೇ. ಅವರ ಚಿತ್ರದಲ್ಲಿ ಬೆಳಕು ಯಾವ ಕಡೆಯಿಂದ ಬರುತ್ತದೆ, ಎಲ್ಲಿ ಬೀಳುತ್ತದೆ ಅಂತ ಒಂದು ಸಂಜೆ ಕೂತು ನೋಡಿ. ಮುಖದ ಮೇಲೆ ಬೀಳುತ್ತದೆ, ಏಕೆಂದರೆ ನೋಡುವವರು ಅಲ್ಲಿಗೇ ಹೋಗಬೇಕು.

ಇನ್ನೊಂದು, ಸನ್ನತಿ ದೂರ ಇಲ್ಲ. ಅಲ್ಲಿನ ಕನಗನಹಳ್ಳಿಯ ಸ್ತೂಪದ ಶಿಲ್ಪದಲ್ಲಿ ಅಶೋಕನ ಚಿತ್ರದ ಜೊತೆ ಬ್ರಾಹ್ಮಿ ಲಿಪಿಯಲ್ಲಿ ಬರೆದಿರುವುದು ಎರಡೇ ಪದ: ರಾಯೋ ಅಸೋಕೋ, ಅಂದರೆ ರಾಜ ಅಶೋಕ. ಚಿತ್ರ ಹೇಳುವುದನ್ನು ಚಿತ್ರಕ್ಕೆ ಬಿಟ್ಟು, ಚಿತ್ರ ಹೇಳಲಾಗದ ಹೆಸರನ್ನು ಮಾತ್ರ ಅಕ್ಷರದಲ್ಲಿ ಕೆತ್ತಿದ್ದಾರೆ. ಲಗ್ನಪತ್ರಿಕೆಯಲ್ಲಿ ಕಲಶದ ಚಿತ್ರ ಹಾಕಿ, ಪಕ್ಕದಲ್ಲೇ ಮತ್ತೆ "ಶುಭ ಮಂಗಳ" ಅಂತ ನಾಲ್ಕು ಕಡೆ ಬರೆಯುವಾಗ ಇದು ನೆನಪಿರಲಿ.

ಕೋರಲ್_ಹುಡುಗ (ಕಲಬುರಗಿ):

ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ಎರಡು ವಾರ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಮಾಡಿ ನೋಡಿಯೇ ಬರೆಯಬೇಕು ಅಂದುಕೊಂಡಿದ್ದೆ.

ಮೊದಲು ಆ ಹಳೇ ಕಾರ್ಡನ್ನೇ ಮತ್ತೆ ಮಾಡಿದೆ, ನನಗೋಸ್ಕರ. ಕಪ್ಪು ಬಿಳುಪಿನಲ್ಲಿ. ಅಕ್ಕ ಹೇಳಿದ ಹಾಗೆ ಹಿಂದೆ ಹೋಗಿ ಕಣ್ಣು ಅರ್ಧ ಮುಚ್ಚಿ ನೋಡಿದರೆ ಇಡೀ ಕಾರ್ಡಿನಲ್ಲಿ ಮೊದಲು ಎದ್ದು ಕಂಡದ್ದು ಬಳ್ಳಿ! ಹೆಸರಲ್ಲ, ದಿನವಲ್ಲ. ಬಳ್ಳಿ ತೆಗೆದೆ, ಮೇಲೆ ಒಂದು ಗೆರೆ ಮಾತ್ರ ಉಳಿಸಿದೆ. ಬಂದ ಜಾಗದಲ್ಲಿ ದಿನ, ಹೊತ್ತು, ಮಂಟಪ 14 ಪಾಯಿಂಟಿಗೆ ಬಂತು. ಬಯಸುವವರ ಹೆಸರು 26 ಇದ್ದವು, ಒಂದೂ ತೆಗೆಯಲಿಲ್ಲ, ಎರಡು ಸಾಲುಪಟ್ಟಿ ಮಾಡಿ ಎಡಕ್ಕೆ ಒಂದೇ ನೇರಕ್ಕೆ ಕೂರಿಸಿದೆ. ಮೂರು ಸೈಜು ಸಾಕಾಯಿತು, ಇದು ನನಗೇ ನಂಬಲು ಆಗಲಿಲ್ಲ.

ಈ ವಾರ ಒಂದು ಹೊಸ ಕೆಲಸ ಬಂದಿದೆ. ನಮ್ಮ ಹಳ್ಳಿ ಕಡೆಯ ಒಂದು ರೈತರ ಗುಂಪು ತೊಗರಿ ಬೇಳೆಯನ್ನು 1 ಕಿಲೋ ಪ್ಯಾಕೆಟ್ ಮಾಡಿ ಮಾರುತ್ತಾರೆ. 2019ರಲ್ಲಿ ಕಲಬುರಗಿ ತೊಗರಿಗೆ ಜಿಐ, ಅಂದರೆ ಭೌಗೋಳಿಕ ಗುರುತು, ಸಿಕ್ಕಿದೆಯಲ್ಲ, ಅದನ್ನು ದೊಡ್ಡದಾಗಿ ಹಾಕು, ಬಸವಣ್ಣನ ಚಿತ್ರ ಹಾಕು, ಹೊಲ ಹಾಕು, ಎತ್ತು ಹಾಕು, ಅಡುಗೆ ಮಾಡಿದ ಬೇಳೆ ಬಟ್ಟಲೂ ಹಾಕು ಅಂದರು. ನಾನು ಕಾಕಾ ಹೇಳಿದ ಎರಡು ಪ್ರಶ್ನೆ ಕೇಳಿದೆ. ಎಲ್ಲಿ ಇಡುತ್ತೀರಿ? ಕಿರಾಣಿ ಅಂಗಡಿಯಲ್ಲಿ, ಗಿರಾಕಿಯಿಂದ ಐದಾರು ಅಡಿ ದೂರದ ಶೆಲ್ಫಿನಲ್ಲಿ. ಒಂದೇ ಮಾತು ಕಾಣುವುದಾದರೆ? ಸ್ವಲ್ಪ ಹೊತ್ತು ಸುಮ್ಮನಿದ್ದು ಅವರಲ್ಲಿ ಹಿರಿಯರೊಬ್ಬರು "ಬ್ಯಾಳಿ ಕಾಣಬೇಕ್ರಿ, ಮಂದಿ ಬ್ಯಾಳಿ ನೋಡಿ ತಗೋತಾರ" ಅಂದರು. ಹಾಗಾಗಿ ಪ್ಯಾಕೆಟ್ಟಿನ ಕೆಳಗಿನ ಅರ್ಧ ಖಾಲಿ ಬಿಟ್ಟಿದ್ದೇನೆ, ಪಾರದರ್ಶಕ, ಬೇಳೆಯೇ ಕಾಣುತ್ತದೆ. ಮೇಲಿನ ಅರ್ಧ ತಿಳಿ ಬಣ್ಣ, "ಕಲಬುರಗಿ ತೊಗರಿ ಬೇಳೆ" ಅಂತ ಕಪ್ಪಿನಲ್ಲಿ. ಎತ್ತು, ಹೊಲ, ಬಟ್ಟಲು ಬೇಡ ಅಂತ ಅವರೇ ಒಪ್ಪಿದರು. ಬಸವಣ್ಣನ ಚಿತ್ರ ಮಾತ್ರ ಇರಲಿ ಅಂದರು, ಹಿಂಭಾಗದಲ್ಲಿ ಮೇಲೆ ಚಿಕ್ಕದಾಗಿ ಇಟ್ಟಿದ್ದೇನೆ. ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದ ದಿನ, ಎಫ್‌ಎಸ್‌ಎಸ್‌ಎಐನ 14 ಅಂಕಿಯ ಆಹಾರ ಪರವಾನಗಿ ನಂಬರ್, ಹಸಿರು ಚುಕ್ಕೆ ಎಲ್ಲ ಒಂದೇ ಕಡೆ.

ಒಂದು ಪ್ರತಿ ತೆಗೆದು ಒಂದು ಬೇಳೆ ಪ್ಯಾಕೆಟ್ಟಿಗೆ ಅಂಟಿಸಿ ಚಹಾ ಅಂಗಡಿಯ ಶೆಲ್ಫಿನಲ್ಲಿ ಇಟ್ಟಿದ್ದೆ. ಐದು ಜನರಲ್ಲಿ ಮೂವರು, ನಾನು ಏನೂ ಕೇಳುವ ಮುಂಚೆಯೇ, "ಈ ಪ್ಯಾಕೆಟ್ ಎಷ್ಟು ಕಿಲೋದ್ದು?" ಅಂತ ಕೇಳಿದರು. ಅಂದರೆ 1 ಕಿಲೋ ಅನ್ನುವುದು ಕಾಣುತ್ತಿಲ್ಲ. ಅದು ಉಳಿದ ವಿವರಗಳ ಜೊತೆ ಮೂಲೆಯಲ್ಲಿದೆ. ಮೇಲೆ ಹೆಸರಿನ ಪಕ್ಕಕ್ಕೆ ತರಲಾ? ತಂದರೆ ಹೆಸರಿನ ಸಾಲು ಇಕ್ಕಟ್ಟಾಗುತ್ತದೆ.

ಶಾಯಿ_ಕೈ (ಕಲಬುರಗಿ):

ಪಕ್ಕಕ್ಕೆ ಬೇಡ. ಹೆಸರಿನ ಕೆಳಗೆ, ಬೇಳೆ ಶುರುವಾಗುವ ಗೆರೆಯ ಮೇಲೆ ಬಲಗಡೆ ಕೂರಿಸು, ನಡುವಿನ ಸೈಜಿನಲ್ಲಿ. ಕಣ್ಣು ಹೆಸರಿನಿಂದ ಬೇಳೆಗೆ ಇಳಿಯುವ ದಾರಿಯಲ್ಲೇ ಅದು ಸಿಗುತ್ತದೆ. ಹಾಗೆ ಮಾಡಿ ಮತ್ತೆ ಐದು ಜನಕ್ಕೆ ತೋರಿಸು, ಅದೇ ಮಂದಿಗೆ ಬೇಡ, ಬೇರೆಯವರಿಗೆ.

ಶನಿವಾರ ಮಧ್ಯಾಹ್ನ ಬಿಡುವಿದ್ದರೆ ಪ್ರೆಸ್ಸಿಗೆ ಬಾ ತಮ್ಮಾ. ನಮ್ಮಲ್ಲಿ ಇನ್ನೂ ಎರಡು ಕೇಸು ಕನ್ನಡ ಮೊಳೆ ಉಳಿದಿವೆ. "ಕಲಬುರಗಿ ತೊಗರಿ ಬೇಳೆ" ಅಂತ ನೀನೇ ಕೈಯಲ್ಲಿ ಜೋಡಿಸಿ ನೋಡುವಿಯಂತೆ.